ಏಳರಲ್ಲಿ ಐದು

“ಇದೇನ್ರೀ ಇದು, ಗುರಿನಾ ಪ್ರಾರ್ಥನೆನಾ?” ಎಂದು, ಎಲ್ಲಕ್ಕೂ ಶೇಕಡಾ ಕೇಳಿ ಕೇಳಿ ಆ ಹೆಸರೇ ಅಂಟಿದ್ದ ಮ್ಯಾನೇಜರು, ಶೇಕಡಾ ಸಾಹೇಬರು, ಅವನ ಹಾಳೆಯನ್ನು ಎರಡೇ ಬೆರಳಲ್ಲಿ, ಯಾರದೋ ಒದ್ದೆ ಕರವಸ್ತ್ರ ಹಿಡಿದ ಹಾಗೆ ಹಿಡಿದು, ಮೇಜಿನ ಸುತ್ತ ಕೂತಿದ್ದ ಹನ್ನೊಂದು ಜನಕ್ಕೂ ಕಾಣುವಂತೆ ಎತ್ತಿದರು. “‘ಯಾರ ದಾಖಲೆಯೂ ಕಳೆದುಹೋಗಬಾರದು.’ ಮುಗೀತು. ಇಡೀ ವರ್ಷಕ್ಕೆ ಒಂದೇ ಸಾಲು. ಅಳತೆ ಅನ್ನೋ ಕಡೆ ಖಾಲಿ, ಗಡುವು ಖಾಲಿ, ಈಗ ಎಲ್ಲಿದ್ದೀವಿ ಅನ್ನೋದೂ ಖಾಲಿ. ಇನ್ನು ಕೈ ಮುಗಿದು ಕಣ್ಮುಚ್ಚೋದೊಂದೇ ಬಾಕಿ.” ಯಾರೋ ಮೂಗಿನಲ್ಲಿ ನಕ್ಕರು. ಸಾಹೇಬರಿಗೆ ಅಷ್ಟು ಸಾಕಾಯಿತು. “ನೀವು ಓದಿದ್ದು ಎಷ್ಟನೇ ಕ್ಲಾಸು ಅಂದ್ರಿ?” ಅವನು ಯಾವತ್ತೂ ಅಂದಿರಲಿಲ್ಲ. ಆದರೆ ಪ್ರಶ್ನೆ ಮೇಜಿನ ಮೇಲೆ ಬಿದ್ದಾಗಿತ್ತು, ಎಲ್ಲರೂ ಅದನ್ನು ಅವನೇ ಎತ್ತಿಕೊಳ್ಳಲಿ ಎಂದು ಕಾಯುತ್ತಿದ್ದರು. “ಒಂಬತ್ತು. ಅರ್ಧ,” ಎಂದ. “ನೋಡಿ, ಅದನ್ನಾದರೂ ಅಳತೇಲಿ ಹೇಳಿದ್ರಲ್ಲ!” ಎಂದರು ಸಾಹೇಬರು.

ಈಗ ನಕ್ಕವರೆಲ್ಲ ತಂತಮ್ಮ ರೀತಿಯಲ್ಲಿ ನಕ್ಕರು. ಖರೀದಿ ವಿಭಾಗದವನು ಮೇಜು ತಟ್ಟಿದ. ರಿಪೋರ್ಟುಗಳನ್ನು ತಯಾರು ಮಾಡುವ ಹುಡುಗಿ, ದಿನಾ ಅವನ ಪಕ್ಕದ ಕುರ್ಚಿಯಲ್ಲಿ ಕೂತು ಕಂಪ್ಯೂಟರು ಕೈಕೊಟ್ಟಾಗಲೆಲ್ಲ ‘ಸ್ವಲ್ಪ ನೋಡ್ತೀರಾ’ ಎನ್ನುವವಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಕೈ ಅಡ್ಡ ಇಟ್ಟರೆ ನಗು ಕಡಿಮೆಯಾಗುತ್ತದೆಯೇ? ಅವನಿಗೆ ಈ ಕೆಲಸ ಕಲಿಸಿದ ದೊಡ್ಡಣ್ಣ ನಗಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತ ಅದರಲ್ಲೇನೋ ಮಹತ್ತರವಾದದ್ದು ಕಂಡವನ ಹಾಗೆ ನೋಡುತ್ತಿದ್ದ. ಇವೆಲ್ಲವನ್ನೂ ಅವನು ತಡೆದುಕೊಂಡಾನು. ತಡೆಯಲಾಗದ್ದು ಇನ್ನೊಂದಿತ್ತು: ಕಿಟಕಿಯ ಗಾಜಿನಲ್ಲಿ ಅಕಸ್ಮಾತ್ತಾಗಿ ಕಂಡ ಅವನದೇ ಮುಖ. ಅದೂ ನಗುತ್ತಿತ್ತು. ಬಾಯಿ ಅಗಲಿಸಿಕೊಂಡು, ಹಲ್ಲು ಕಿರಿದುಕೊಂಡು, ಸಾಹೇಬರ ಜಾಣತನವನ್ನು ಮೆಚ್ಚಿಕೊಂಡವನ ಹಾಗೆ. ಆ ಬಾಯಿಯನ್ನು ಮುಚ್ಚಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಸಾಹೇಬರು ಆಗಲೇ ಮುಂದಿನವರ ಹಾಳೆಗೆ ಹೋಗಿ, ಅಲ್ಲಿಂದಲೇ ತಿರುಗದೆ, “ನಾಲ್ಕು ಗಂಟೆಗೆ ಮತ್ತೆ ಸೇರೋಣ. ನಿಮ್ಮದು ತಿದ್ದಿ ತನ್ನಿ. ಅಂಕಿ ಬೇಕು ನನಗೆ, ಅಂಕಿ. ಅಂಕಿ ಇಲ್ಲದವನಿಗೆ ಈ ವರ್ಷ ಇಲ್ಲಿ ಕುರ್ಚೀನೂ ಇಲ್ಲ,” ಎಂದಿದ್ದರು.

ಅಂಕಿ ಬೇಕಂತೆ. ಅವನು ಮಹಡಿಯ ಮೇಲಿನ ತನ್ನ ಮೂಲೆಗೆ ಬಂದು ಕೂತ. ಕೆಳಗಿನ ಅಂತಸ್ತಿನಲ್ಲಿ ಜನರು ತೋಳು ಚಾಚಿ ರಕ್ತ ಕೊಡುತ್ತಾರೆ, ನಡುವಿನ ಅಂತಸ್ತಿನಲ್ಲಿ ಯಂತ್ರಗಳು ಅದನ್ನು ಪರೀಕ್ಷಿಸುತ್ತವೆ, ಮೇಲಿನ ಅಂತಸ್ತಿನ ಈ ತಣ್ಣನೆಯ ಕೋಣೆಗೆ ರಕ್ತ ಬರುವಾಗ ಅದು ಬರಿಯ ಅಂಕಿ: ಒಂದು ನಂಬರು, ಒಂದು ವಯಸ್ಸು, ಹೆಣ್ಣೋ ಗಂಡೋ, ಇಷ್ಟಕ್ಕೆ ಇಷ್ಟು. ಆರು ಊರುಗಳ ಆರು ಶಾಖೆಗಳಿಂದ ದಿನಕ್ಕೆ ಎರಡು ಸಾವಿರ ಜನರ ಒಳಗುಟ್ಟು ಇಲ್ಲಿಗೆ ಬಂದು ಬೀಳುತ್ತದೆ. ಅದು ಕೆಡದಂತೆ, ಕಲೆಸಿಹೋಗದಂತೆ, ಕಳೆದುಹೋಗದಂತೆ ನೋಡಿಕೊಳ್ಳುವುದು ಅವನ ಮತ್ತು ದೊಡ್ಡಣ್ಣನ ಕೆಲಸ. ಹತ್ತು ವರ್ಷದ ಹಿಂದೆ ಅವನು ಇದೇ ಕೋಣೆಗೆ ಹೆಗಲ ಮೇಲೆ ವೈರಿನ ಸುರುಳಿ ಹೊತ್ತು ಬಂದಿದ್ದ. ಯಂತ್ರಗಳನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸುವ ಕೂಲಿ ಕೆಲಸ. ಯಾವ ವೈರು ಯಾವ ಯಂತ್ರದ ಯಾವ ತೂತಿನಲ್ಲಿತ್ತು ಎಂದು ಚೀಟಿ ಬರೆದಿಡದೆ ಅಷ್ಟನ್ನೂ ಮರಳಿ ಚುಚ್ಚಿದ್ದನ್ನು ಕಂಡು ದೊಡ್ಡಣ್ಣ, “ಏಯ್, ನಿನ್ನ ತಲೇಲಿ ಏನಿದೆಯೋ? ನಾಳೆಯಿಂದ ಇಲ್ಲೇ ಇರು,” ಎಂದಿದ್ದ. ಆಗಿನ ಮ್ಯಾನೇಜರಿಗೆ, ನನ್ನ ತಮ್ಮನಿದ್ದ ಹಾಗೆ ಸರ್, ಸರ್ಟಿಫಿಕೇಟು ಕೇಳಬೇಡಿ, ಎಂದಿದ್ದ. ಅಲ್ಲಿಂದ ಇಲ್ಲಿವರೆಗೆ ಯಾರೂ ಕೇಳಿರಲಿಲ್ಲ. ಕೇಳದೆ ಇದ್ದದ್ದೇ ಒಂದು ಸಾಲದ ಹಾಗೆ ಅವನ ಬೆನ್ನ ಮೇಲೆ ಕೂತಿತ್ತು, ಅದು ಬೇರೆ ಮಾತು.

“ಬೇಜಾರು ಮಾಡ್ಕೋಬೇಡಿ,” ಎಂದಳು ರಿಪೋರ್ಟಿನ ಹುಡುಗಿ, ಕುರ್ಚಿಯನ್ನು ಅವನ ಕಡೆ ಸರಿಸುತ್ತ. “ಅವರಿಗೆ ಬೇಕಾಗಿರೋದು ತುಂಬ ಸುಲಭ. ನನ್ನದು ನೋಡಿ ಬರ್ಕೊಳ್ಳಿ. ‘ದೂರುಗಳನ್ನು ನಾಲ್ಕು ಗಂಟೆಯೊಳಗೆ ಬಗೆಹರಿಸುವುದು, ಶೇಕಡಾ ತೊಂಬತ್ತೈದು.’ ನಿಮ್ಮದು ಇನ್ನೂ ಸುಲಭ. ‘ಪ್ರತಿದಿನದ ಬ್ಯಾಕಪ್, ಶೇಕಡಾ ನೂರು.’ ಹೇಗೂ ದಿನಾ ಹಸಿರು ಟಿಕ್ಕೇ ಬರತ್ತಲ್ಲ ನಿಮಗೆ?”

“ಬರತ್ತೆ.”

“ಮತ್ತೇನು! ಏನೂ ಮಾಡ್ದೆ ನೂರಕ್ಕೆ ನೂರು. ನನಗೆ ಅಂಥ ಅದೃಷ್ಟ ಇಲ್ಲಪ್ಪ.”

ಅವಳ ಮೇಲೆ ಸಿಟ್ಟು ಮಾಡಲು ಅವನಿಗೆ ಆಸೆಯಾಯಿತು. ಮೀಟಿಂಗಿನಲ್ಲಿ ನಕ್ಕಿದ್ದನ್ನು ತೆಗೆದು ಮುಖಕ್ಕೆ ಹೊಡೆಯಬೇಕೆನಿಸಿತು. ಆದರೆ ಅವಳು ನಿಜವಾಗಿಯೂ ಸಹಾಯ ಮಾಡುತ್ತಿದ್ದಳು, ಅದೇ ಹೊಟ್ಟೆ ಉರಿಸುವಂತಿತ್ತು. ಚಿಕ್ಕಂದಿನಲ್ಲಿ ಮನೆಯಲ್ಲಿ ಅಕ್ಕನೂ ಹೀಗೆಯೇ. ಬಾಗಿಲ ಚೌಕಟ್ಟಿಗೆ ಅವನನ್ನು ಒರಗಿಸಿ ನಿಲ್ಲಿಸಿ ಪೆನ್ಸಿಲಿನಿಂದ ಎತ್ತರ ಗುರುತು ಹಾಕುವಾಗ ಅಕ್ಕ ಸ್ಕೇಲನ್ನು ತಲೆಗೆ ತಾಗಿಸದೆ ಎರಡು ಬೆರಳು ಮೇಲೆ ಹಿಡಿಯುತ್ತಿದ್ದಳು. ಅಮ್ಮನನ್ನು ಕೂಗಿ ‘ನೋಡಮ್ಮ ಎಷ್ಟು ಬೆಳೆದ’ ಎನ್ನುತ್ತಿದ್ದಳು. ಅಮ್ಮ ಒದ್ದೆ ಕೈ ಒರೆಸಿಕೊಂಡು ಬಂದು ಗೀಟನ್ನು ನೋಡಿ ಖುಷಿಪಡುತ್ತಿದ್ದಳು, ಅವನನ್ನಲ್ಲ. ಗೀಟು ಬೆಳೆಯುತ್ತಲೇ ಹೋಯಿತು. ಶಾಲೆಯ ಸಾಲಿನಲ್ಲಿ ಅವನು ಮಾತ್ರ ಮುಂದಿನಿಂದ ಎರಡನೆಯವನಾಗಿಯೇ ಉಳಿದ. ಆಮೇಲೆ ಶಾಲೆ ಬಿಟ್ಟ ಮೇಲೆ ಯಾರೂ ಅಳೆಯಲಿಲ್ಲ. ಹಸಿರು ಟಿಕ್ಕು ಅಂದರೆ ಆ ಗೀಟೇ ಅಲ್ಲವೇ, ಎಂದುಕೊಂಡು ಅವನು ಪರದೆಯ ಮೇಲಿನ ಪಟ್ಟಿ ತೆರೆದ. ನಿನ್ನೆ ಹಸಿರು, ಮೊನ್ನೆ ಹಸಿರು, ಆಚೆ ಮೊನ್ನೆ ಹಸಿರು. ಇಡೀ ವರ್ಷ ನೀರು ಕಂಡ ಹುಲ್ಲುಗಾವಲಿನ ಹಾಗೆ.

ಮೂರು ವರ್ಷದ ಹಿಂದೆ, ಆವತ್ತೂ ಹೀಗೆಯೇ ಹಸಿರಿತ್ತು. ಪರದೆಯಲ್ಲಿ ಎರಡು ಕಿಟಕಿ: ಒಂದು ಅಭ್ಯಾಸಕ್ಕೆ ಇಟ್ಟುಕೊಂಡ ಸುಳ್ಳು ದಾಖಲೆಗಳದು, ಇನ್ನೊಂದು ನಿಜವಾದದ್ದು. ಎರಡೂ ಕಪ್ಪು, ಎರಡರಲ್ಲೂ ಅದೇ ಬಿಳಿ ಅಕ್ಷರ. ಅವನು ಅಭ್ಯಾಸದ್ದನ್ನು ಅಳಿಸುತ್ತಿದ್ದೇನೆಂದುಕೊಂಡು ನಿಜವಾದದ್ದರಲ್ಲಿ ಅಳಿಸಿದ್ದ. ಬೆರಳು ಕೆಳಗೆ ಹೋಗುವಾಗಲೇ ಗೊತ್ತಾಗಿತ್ತು, ಬೆರಳು ನಿಲ್ಲಲಿಲ್ಲ. ‘214 ಸಾಲು ಅಳಿಸಲಾಗಿದೆ’ ಎಂದು ಯಂತ್ರ ಶಾಂತವಾಗಿ ಹೇಳಿತು, ಬಸ್ಸಿನ ಕಂಡಕ್ಟರು ಮುಂದಿನ ನಿಲ್ದಾಣ ಹೇಳಿದ ಹಾಗೆ. ಅವನು ಕುರ್ಚಿಯಿಂದಲೇ ದೊಡ್ಡಣ್ಣನನ್ನು ಕೂಗಿದ್ದ. ದೊಡ್ಡಣ್ಣ ಬಂದು ನೋಡಿ, ಹೆಗಲ ಮೇಲೆ ಕೈಯಿಟ್ಟು, “ಅದಕ್ಕೇ ತಾನೇ ದಿನಾ ನಕಲು ತೆಗೆದಿಡೋದು? ಎಲ್ಲರ ಕೈಲೂ ಒಂದ್ಸಲ ಆಗತ್ತೆ. ನಿನ್ನೆಯದನ್ನ ತೆಗಿ,” ಎಂದಿದ್ದ. ಆ ಕೈಯ ಭಾರ ಇವತ್ತಿಗೂ ಹೆಗಲಿಗೆ ನೆನಪಿದೆ. ಅಪ್ಪನೂ ಹಾಗೆ ಕೈಯಿಟ್ಟಿರಲಿಲ್ಲ. ನಿನ್ನೆಯ ನಕಲು ತೆರೆದರೆ ಒಳಗೆ ಏನೂ ಇರಲಿಲ್ಲ. ಮೊನ್ನೆಯದರಲ್ಲೂ ಇರಲಿಲ್ಲ. ಇಪ್ಪತ್ತಾರು ದಿನದ ಹಿಂದೆ ನಕಲು ಇಡುವ ಜಾಗ ತುಂಬಿಹೋಗಿ, ಅಂದಿನಿಂದ ಪ್ರತಿದಿನ ಯಂತ್ರ ಒಂದು ಖಾಲಿ ಫೈಲು ಮಾಡಿ, ಅದಕ್ಕೆ ಆ ದಿನದ ತಾರೀಖಿನ ಹೆಸರಿಟ್ಟು, ಕೊನೆಗೆ ‘ಯಶಸ್ವಿ’ ಎಂದು ಬರೆದು ಹಸಿರು ಟಿಕ್ಕು ಹಾಕುತ್ತಿತ್ತು. ಯಾಕೆಂದರೆ ಆ ಕೆಲಸವನ್ನು ಯಂತ್ರಕ್ಕೆ ಬರೆದುಕೊಟ್ಟ ದೊಡ್ಡಣ್ಣ ‘ಯಶಸ್ವಿ’ ಎಂಬುದನ್ನು ಕೊನೆಯ ಸಾಲಾಗಿ ಬರೆದಿದ್ದ. ಮೇಲಿನ ಸಾಲುಗಳಲ್ಲಿ ಏನೇ ಆಗಲಿ, ಕೊನೆಯ ಸಾಲು ಬಂದೇ ಬರುತ್ತದೆ.

ಕೆಳಗಿನ ನೋಂದಣಿ ಪಟ್ಟಿಯಿಂದ ಹೆಸರು, ನಂಬರು ತೆಗೆದು ಇನ್ನೂರ ಹದಿನಾಲ್ಕು ಜನಕ್ಕೂ ಫೋನು ಮಾಡಿದರು. ‘ನಿಮ್ಮ ರಕ್ತ ಹೆಪ್ಪುಗಟ್ಟಿ ಕೆಟ್ಟಿದೆ, ಮತ್ತೊಮ್ಮೆ ಬನ್ನಿ’ ಎಂದು ಹೇಳುವ ಚೀಟಿಯನ್ನು ದೊಡ್ಡಣ್ಣನೇ ಬರೆದುಕೊಟ್ಟ. ಅವನು ಊಟದ ಹೊತ್ತಿನಲ್ಲಿ ಕೆಳಗಿಳಿದು, ಸಾಲು ಕುರ್ಚಿಗಳ ಹಿಂದೆ ಕಂಬಕ್ಕೆ ಒರಗಿ ನಿಂತು ನೋಡಿದ್ದ. ನರ ಸಿಗದ ಒಬ್ಬ ಅಜ್ಜಿಗೆ ಮೂರು ಕಡೆ ಚುಚ್ಚಿದರು. ಲಾರಿ ಓಡಿಸುವವನಿರಬೇಕು, ಒಬ್ಬ ದಪ್ಪ ಮೀಸೆಯವನು ತೋಳು ಮಡಚುತ್ತ, “ಅಲ್ಲಮ್ಮ, ಮೊನ್ನೆ ತಗೊಂಡ್ರಲ್ಲ ಒಂದು ಬಾಟ್ಲಿ, ಅದೇನ್ಮಾಡಿದ್ರಿ? ಮೇಲ್ಗಡೆ ಯಾರಿಗಾದ್ರೂ ಕುಡಿಸಿದ್ರಾ?” ಎಂದ. ರಕ್ತ ತೆಗೆಯುವಾಕೆ, “ನಂಗೇನು ಗೊತ್ತಣ್ಣ, ಮೇಲಿನವರನ್ನೇ ಕೇಳಿ,” ಎಂದು ನಕ್ಕಳು. ಮೀಸೆಯವನು ಸುಮ್ಮನೆ ಒಮ್ಮೆ ಚಾವಣಿ ನೋಡಿದ. ಇನ್ನೂರ ಹದಿಮೂರು ಜನ ಬಂದರು. ಒಬ್ಬರು ಬರಲಿಲ್ಲ. ಹೆಣ್ಣು, ನಲವತ್ತೊಂದು ವರ್ಷ; ಕೊಟ್ಟ ಫೋನು ನಂಬರು ಯಾವುದೋ ಸೈಕಲ್ ಅಂಗಡಿಯದು, ಅಲ್ಲಿಯವರಿಗೆ ಅವಳಾರೆಂದು ಗೊತ್ತಿಲ್ಲ. ಅವಳಿಗೆ ಏನೂ ಇಲ್ಲದಿರಬಹುದು. ಬೇರೆ ಕಡೆ ತೋರಿಸಿಕೊಂಡಿರಬಹುದು. ‘ರಿಪೋರ್ಟು ಬರಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂತ’ ಎಂದು ಯಾರೋ ಹೇಳಿ, ಅವಳು ಅದನ್ನು ನಂಬಿ ಸುಮ್ಮನಾಗಿರಬಹುದು. ಈ ಮೂರನೆಯದು ಅವನಿಗೆ ಹಲ್ಲುಜ್ಜುವಾಗ ಹೊಳೆಯುತ್ತದೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಹೊಳೆಯುತ್ತದೆ. ಮೂರು ವರ್ಷದಿಂದ ಪ್ರತಿ ಸೋಮವಾರ ನೋಂದಣಿ ಪಟ್ಟಿಯಲ್ಲಿ ಅವಳ ಹೆಸರು ಹಾಕಿ ಹುಡುಕುತ್ತಾನೆ, ಮತ್ತೆ ಎಲ್ಲಾದರೂ ರಕ್ತ ಕೊಟ್ಟಿದ್ದಾಳೋ ಎಂದು. ಪರದೆ ‘0 ಸಾಲು’ ಎನ್ನುತ್ತದೆ. ಅದೂ ಅಂಕಿಯೇ ಅಲ್ಲವೇ ಸಾಹೇಬರೇ, ಬರೆದುಕೊಳ್ಳಿ.

ಮಾತು ಅಲ್ಲಿಗೇ ಮುಗಿದಿದ್ದರೆ ಅವನೂ ಎಲ್ಲರ ಹಾಗೆ ಮರೆತಿರುತ್ತಿದ್ದನೋ ಏನೋ. ಜಾಗ ದೊಡ್ಡದು ಮಾಡಿದರು, ನಕಲು ಮತ್ತೆ ತುಂಬತೊಡಗಿತು. ಆ ಕೊನೆಯ ಸಾಲನ್ನು ಮಾತ್ರ ದೊಡ್ಡಣ್ಣ ಮುಟ್ಟಲಿಲ್ಲ, ಅದನ್ನು ಮುಟ್ಟುವ ಪಾಸ್‌ವರ್ಡು ದೊಡ್ಡಣ್ಣನೊಬ್ಬನ ಹತ್ತಿರವಿತ್ತು. ಕಳೆದ ವಾರ, ಗುರಿ ಬರೆಯಿರಿ ಎಂದು ಹಾಳೆ ಹಂಚಿದ ದಿನ, ಅವನು ಊಟ ಬಿಟ್ಟು ಏಳು ನಕಲುಗಳನ್ನು ಒಂದೊಂದಾಗಿ ಅಭ್ಯಾಸದ ಯಂತ್ರದಲ್ಲಿ ತೆರೆದು ನೋಡಿದ್ದ. ಐದು ತೆರೆದವು. ಎರಡು ಅರ್ಧಕ್ಕೆ ನಿಂತು ಬಿಕ್ಕಿದವು. ಏಳರಲ್ಲಿ ಐದು: ಇಷ್ಟು ಸ್ಪಷ್ಟವಾದ ಅಂಕಿ ಈ ಕಟ್ಟಡದಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ಅದನ್ನು ಬರೆಯಲು ಪೆನ್ನು ಹಿಡಿದು, ಬರೆಯದೆ, ‘ಯಾರ ದಾಖಲೆಯೂ ಕಳೆದುಹೋಗಬಾರದು’ ಎಂದು ಬರೆದಿದ್ದ. ಸಾಹೇಬರು ಅದನ್ನು ಪ್ರಾರ್ಥನೆ ಎಂದರು. ಪ್ರಾರ್ಥನೆಯಾಗಿದ್ದರೆ ಒಳ್ಳೆಯದಿತ್ತು. ಅದು ಹೇಡಿತನ, ಒಳ್ಳೆಯ ಮಾತಿನ ಅಂಗಿ ತೊಡಿಸಿದ ಹೇಡಿತನ. ಆ ಪೆದ್ದ ಸಾಹೇಬ ಅದನ್ನೂ ಸರಿಯಾಗಿ ಬೈಯಲಿಲ್ಲ.

“ಬಾ ಇಲ್ಲಿ,” ಎಂದು ಯಾರೋ ತೋಳು ಮುಟ್ಟಿದರು. ದೊಡ್ಡಣ್ಣ. ಇಬ್ಬರೂ ಮೆಟ್ಟಿಲಿನ ತಿರುವಿಗೆ ಹೋದರು, ಫೋನಿನಲ್ಲಿ ಅಳುವವರೂ ಸಿಗರೇಟು ಸೇದುವವರೂ ಬಂದು ನಿಲ್ಲುವ ಜಾಗ. ದೊಡ್ಡಣ್ಣ ಕಬ್ಬಿಣದ ಕಟಾಂಜನಕ್ಕೆ ಒರಗಿ, ಗೋಡೆಯ ಕಡೆ ನೋಡುತ್ತ ಕೇಳಿದ: “ಏನ್ ಬರೀತಿದೀಯ?”

“ಇನ್ನೂ ಬರೆದಿಲ್ಲ.”

“ಏಳು ನಕಲು ತೆರೆದು ನೋಡಿದೀಯಂತೆ.”

“ಯಾರು ಹೇಳಿದ್ರು?”

“ಯಂತ್ರ ಹೇಳತ್ತಪ್ಪ. ಯಾರು ಯಾವಾಗ ಏನು ಮುಟ್ಟಿದ್ರೂ ಅದು ಬರ್ಕೊಳ್ಳತ್ತೆ. ನಾನೇ ಕಲಿಸಿದ್ದಲ್ವಾ ನಿನಗೆ?” ದೊಡ್ಡಣ್ಣ ಸ್ವಲ್ಪ ನಕ್ಕ. “ಅದನ್ನ ಬರೀಬೇಡ.”

“ಅಣ್ಣ, ಎರಡು ತೆರೀಲಿಲ್ಲ. ನಾಳೆ ಮತ್ತೆ ಯಾರಾದ್ರೂ ತಪ್ಪು ಒತ್ತಿದ್ರೆ? ನೀವು ಆ ಕೊನೇ ಸಾಲು ಸರಿ ಮಾಡಿದ್ರೆ ಸಾಕು, ನಾನೇನೂ ಬರೆಯಲ್ಲ. ಐದು ನಿಮಿಷದ ಕೆಲಸ.”

“ಸರಿ ಮಾಡಿದ್ರೆ ನಾಳೇನೇ ಕೆಂಪು ಬರತ್ತೆ. ಇಷ್ಟು ವರ್ಷ ಹಸಿರಿದ್ದದ್ದು ಈಗ ಯಾಕೆ ಕೆಂಪು ಅಂತ ಕೇಳ್ತಾರೆ. ಕೇಳಿದ್ರೆ ಹಳೇದೆಲ್ಲ ಕೆದಕ್ತಾರೆ. ಕೆದಕಿದ್ರೆ ಆವತ್ತಿನದು ಬರತ್ತೆ.” ದೊಡ್ಡಣ್ಣ ಈಗ ಅವನ ಮುಖ ನೋಡಿದ. “ಆವತ್ತಿನದು ಯಾರದಪ್ಪ?”

ಕೆಳಗಿನಿಂದ ಸ್ಪಿರಿಟ್ಟಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ದೊಡ್ಡಣ್ಣನ ಕಿವಿಯ ಮೇಲೆ ಬೆಳೆದ ಬಿಳಿಕೂದಲು, ಕತ್ತಿನ ಹತ್ತಿರ ಸವೆದ ಅಂಗಿಯ ಕಾಲರು, ಎಲ್ಲ ಬಹಳ ಹತ್ತಿರದಿಂದ ಕಂಡವು. “ಹನ್ನೊಂದು ತಿಂಗಳು,” ಎಂದ ದೊಡ್ಡಣ್ಣ. “ಹನ್ನೊಂದು ತಿಂಗಳಿಗೆ ನಾನು ನಿವೃತ್ತಿ. ಆಮೇಲೆ ನೀನು ಏನು ಬೇಕಾದ್ರೂ ತೆರಿ, ಏನು ಬೇಕಾದ್ರೂ ಮುಚ್ಚು. ನಿನ್ನ ಕೈಲಿ ಸರ್ಟಿಫಿಕೇಟಿಲ್ಲ, ಇಲ್ಲಿಂದ ಹೊರಗೆ ಹೋದ್ರೆ ಮತ್ತೆ ವೈರೇ ಹೊರಬೇಕು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು, ತಮ್ಮ.” ತಮ್ಮ ಎಂದ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ದೊಡ್ಡಣ್ಣ ನಿಜವಾಗಿಯೂ ಅವನ ಒಳ್ಳೆಯದನ್ನು ಬಯಸುತ್ತಿದ್ದ, ತನ್ನ ಒಳ್ಳೆಯದರ ಜೊತೆಗೇ ಕಟ್ಟಿ.

ಮರಳಿ ಬಂದು ಅವನು ಬರೆದ. ಆ ನಲವತ್ತೊಂದರ ಹೆಂಗಸಿಗಾಗಿ ಬರೆದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ಅವನಿಗೆ ಇಷ್ಟವಾಗುತ್ತಿತ್ತು, ಆದರೆ ಬರೆಯುವಾಗ ಅವಳು ನೆನಪಿಗೇ ಬರಲಿಲ್ಲ. ಬಂದದ್ದು ಬೆಳಗಿನ ಗಾಜು, ಆ ಗಾಜಿನೊಳಗಿನ ಹಲ್ಲು. ಅಂಕಿ ಬೇಕಲ್ಲವೇ ನಿಮಗೆ, ತಗೊಳ್ಳಿ ಅಂಕಿ, ಎಂದು ಪೆನ್ನನ್ನು ಒತ್ತಿ ಒತ್ತಿ, ಕೆಳಗಿನ ಹಾಳೆಗೂ ಮೂಡುವ ಹಾಗೆ ಬರೆದ. ನಡುವೆ ಒಮ್ಮೆ, ದೊಡ್ಡಣ್ಣನ ಹನ್ನೊಂದು ತಿಂಗಳು ನೆನಪಾಗಿ ಕೈ ತಡೆಯಿತು. ಮೀಟಿಂಗಿನಲ್ಲಿ ಆ ಪೆನ್ನಿನ ಮುಚ್ಚಳದ ಬದಲು ಒಮ್ಮೆ ತಲೆಯೆತ್ತಿ ‘ಬಿಡಿ ಸರ್, ಕೆಲಸ ಬಲ್ಲವನು’ ಎಂದಿದ್ದರೆ? ಅಷ್ಟೇ ಸಾಕಿತ್ತು. ಎರಡು ಮಾತು. ಅಷ್ಟಕ್ಕೇ ತಾನು ಈ ಹಾಳೆಯಲ್ಲಿ ‘ಶೇಕಡಾ ನೂರು’ ಎಂದು ಬರೆದು, ಹನ್ನೊಂದು ತಿಂಗಳಲ್ಲ, ಸಾಯುವವರೆಗೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಎಂಬುದು ಹೊಳೆದಾಗ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ನಾಲ್ಕು ಗಂಟೆಗೆ ಅದೇ ಮೇಜು, ಅದೇ ಹನ್ನೊಂದು ಜನ. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಅವನ ಹಾಳೆಯನ್ನೇ ಮೊದಲು ತೆಗೆದುಕೊಂಡರು. ಬೆಳಗಿನ ರುಚಿ ಇನ್ನೂ ನಾಲಿಗೆಯ ಮೇಲಿತ್ತು. “‘ವಾರಕ್ಕೆ ಏಳು ಬ್ಯಾಕಪ್ ತೆರೆದು ನೋಡುವುದು. ಇಂದಿನ ಸ್ಥಿತಿ: ಏಳರಲ್ಲಿ ಐದು ತೆರೆದವು. ಆರು ತಿಂಗಳಲ್ಲಿ ಏಳಕ್ಕೆ ಏಳು.’ ಭೇಷ್! ಇದು ನೋಡ್ರೀ ಗುರಿ ಅಂದ್ರೆ. ಅಳತೆ ಇದೆ, ಗಡುವಿದೆ, ಎಲ್ಲಿದ್ದೀವಿ ಅನ್ನೋದಿದೆ. ಬೆಳಿಗ್ಗೆ ನಾನೊಂದು ಮಾತು ಅಂದಿದ್ದಕ್ಕೆ ಮನುಷ್ಯ ಹೇಗೆ ಬದಲಾದ ನೋಡಿ.” ರಿಪೋರ್ಟಿನ ಹುಡುಗಿ ಅವನನ್ನು ನೋಡಿ ಮುಗುಳ್ನಕ್ಕಳು. ಖರೀದಿಯವನು ಮೆಲ್ಲಗೆ ಚಪ್ಪಾಳೆ ತಟ್ಟಿದ. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನಿಗೆ ಎದೆಯುಬ್ಬಿತು. ಅದಕ್ಕಾಗಿ ತನ್ನನ್ನು ತಾನು ಎಂದೂ ಕ್ಷಮಿಸಲಾರ. ಸಾಹೇಬರು ಹಾಳೆ ಕೆಳಗಿಡಲು ಹೋದವರು ನಿಂತು, ಮತ್ತೆ ಓದಿ, ಈ ಸಲ ಬಾಯಿ ಬಿಡದೆ ಓದಿ, “ಐದು ಅಂದ್ರೆ?” ಎಂದರು. “ಎರಡು ತೆರೀಲಿಲ್ಲ ಅಂತನಾ? ನಾನು ಮೊನ್ನೆ ತಾನೇ ಮೇಲಿನವರಿಗೆ ಶೇಕಡಾ ನೂರು ಅಂತ ಬರೆದು ಕಳಿಸಿದೀನಲ್ರೀ. ದಿನಾ ಹಸಿರು ತೋರಿಸ್ತಿರೋದು ಯಾರು? ಯಾರ ಜವಾಬ್ದಾರಿ ಇದು?”

ಪಕ್ಕದ ಕೋಣೆಯ ಯಂತ್ರಗಳ ಗಾಳಿಯ ಸದ್ದು ಗೋಡೆ ದಾಟಿ ಬರುತ್ತಿತ್ತು. ‘ಆ ಕೊನೆಯ ಸಾಲು ಬರೆದವರದು’ ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಣ್ಣ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ತಗ್ಗಿದ ದನಿಯಲ್ಲಿ, ಮನೆಯ ಹಿರಿಯನೊಬ್ಬ ಮನೆಯ ವಿಷಯವನ್ನು ಹೊರಗಿನವರಿಗೆ ಹೇಳಲೇಬೇಕಾಗಿ ಬಂದಾಗ ಹೇಳುವ ಹಾಗೆ ಹೇಳಿದ: “ಸರ್, ಅವನು ಅದನ್ನ ಯಾರನ್ನೂ ಕೇಳ್ದೆ ತೆರೆದಿದಾನೆ. ಅದಕ್ಕೆ ಅವನಿಗೆ ಅನುಮತಿ ಇಲ್ಲ. ಮೂರು ವರ್ಷದ ಹಿಂದೆ ಇನ್ನೂರ ಹದಿನಾಲ್ಕು ಜನರ ರಿಪೋರ್ಟು ಅಳಿಸಿಹೋಯ್ತಲ್ಲ, ನೀವಿನ್ನೂ ಬಂದಿರಲಿಲ್ಲ, ಅದೂ ಇವನ ಕೈಯಿಂದಲೇ. ಓದಿಲ್ಲ, ಪಾಪ, ಅಂತ ನಾನು ಮುಚ್ಚಿಟ್ಟೆ. ತಪ್ಪಿದ್ರೆ ಅಷ್ಟೇ ನನ್ನ ತಪ್ಪು.”

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅವನು ಹುಡುಕಿದ, ಎಲ್ಲಾದರೂ ಒಂದು ಸುಳ್ಳು ಸಿಕ್ಕಿದರೆ ಅದರ ಕುತ್ತಿಗೆ ಹಿಡಿಯೋಣವೆಂದು. ಸಿಗಲಿಲ್ಲ. ಕೇಳಿಲ್ಲ ನಿಜ, ಅಳಿಸಿದ್ದು ನಿಜ, ಮುಚ್ಚಿಟ್ಟದ್ದು ನಿಜ, ಪಾಪ ಎಂದುಕೊಂಡದ್ದೂ ನಿಜವೇ ಇರಬೇಕು. ಮೇಜಿನ ಸುತ್ತಲಿನ ಮುಖಗಳಲ್ಲಿ ಬೆಳಗಿನ ನಗು ಇರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು: ಎಲ್ಲರಿಗೂ ಈಗ ಎಲ್ಲ ಅರ್ಥವಾಗಿತ್ತು. ರಿಪೋರ್ಟಿನ ಹುಡುಗಿ ತನ್ನ ಕುರ್ಚಿಯನ್ನು, ತನಗೇ ಗೊತ್ತಿಲ್ಲದ ಹಾಗೆ, ಅರ್ಧ ಗೇಣು ಆಚೆ ಸರಿಸಿಕೊಂಡಳು. ಸಾಹೇಬರ ಮುಖದ ಬಿಗಿ ಸಡಿಲವಾಯಿತು. ಯಂತ್ರದಲ್ಲಿ ತಪ್ಪಿದ್ದರೆ ಮೇಲಿನವರಿಗೆ ಬರೆಯಬೇಕಿತ್ತು. ಒಬ್ಬ ಮನುಷ್ಯನಲ್ಲಿ ತಪ್ಪಿದ್ದರೆ ಇಲ್ಲೇ ಮುಗಿಯುತ್ತದೆ. “ಹಾಗನ್ನಿ,” ಎಂದರು ನೆಮ್ಮದಿಯಿಂದ. ಹಾಳೆಯ ಮೇಲೆ ಏನನ್ನೋ ಹೊಡೆದುಹಾಕಿ, “ಇವರ ಕಡೆ ಶೇಕಡಾ ನೂರು ಅಂತಲೇ ಇರಲಿ, ದೊಡ್ಡಣ್ಣನವರೇ ಇನ್ಮೇಲೆ ನೋಡ್ಕೋತಾರೆ,” ಎಂದರು. ಆಮೇಲೆ ಅವನ ಕಡೆ ತಿರುಗಿದರು. “ಅಳಿಸಿದ್ದು ನೀವೇನಾ? ಉದ್ದುದ್ದ ಬೇಡ. ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು.”

ಹೌದು ಎಂದರೆ ಅದೊಂದೇ ಉಳಿಯುತ್ತದೆ. ಹೌದು, ಆದರೆ ಎಂದರೆ ಆ ‘ಆದರೆ’ಯನ್ನು ಕೇಳಲು ಈ ಕೋಣೆಯಲ್ಲಿ ಕಿವಿ ಇರಲಿಲ್ಲ. ಅವನು ಎದ್ದ. ಕುರ್ಚಿ ನೆಲಕ್ಕೆ ಉಜ್ಜಿ ಕರ್ಕಶ ಸದ್ದು ಮಾಡಿತು. “ಏನ್ರೀ, ಕೇಳಿಸ್ತಾ ಇಲ್ವಾ? ನಿಮ್ಮನ್ನೇ ಕೇಳ್ತಿರೋದು,” ಎಂಬುದು ಬಾಗಿಲವರೆಗೆ ಬಂತು, ಅದರ ಹಿಂದೆಯೇ ದೊಡ್ಡಣ್ಣನ, “ತಮ್ಮ, ಕೂತ್ಕೋ, ಹಾಗೆಲ್ಲ ಎದ್ದು ಹೋಗಬಾರದು,” ಎಂಬುದೂ ಬಂತು. ಅವನು ಮೆಟ್ಟಿಲಿಳಿದ. ಉತ್ತರ ಕೊಡದೆ ಬಂದದ್ದರಲ್ಲಿ ಒಂದು ಬಗೆಯ ಗತ್ತಿತ್ತು, ಎರಡು ಅಂತಸ್ತು ಇಳಿಯುವವರೆಗೂ ಅದು ಅವನ ಬೆನ್ನನ್ನು ನೆಟ್ಟಗೆ ಇಟ್ಟಿತ್ತು.

ಕೆಳಗೆ ಸಂಜೆಯ ಸಾಲು ಇನ್ನೂ ಕರಗಿರಲಿಲ್ಲ. ಮೊಣಕೈ ಮಡಚಿ ಹತ್ತಿ ಒತ್ತಿಹಿಡಿದ ಒಬ್ಬ ಮುದುಕರು, ಅವನ ಕೊರಳಿನ ಗುರುತುಚೀಟಿ ಕಂಡು ಎದ್ದು ಅಡ್ಡ ಬಂದರು. “ನೀವು ಇಲ್ಲಿಯವರಲ್ವಾ ಸ್ವಾಮಿ? ಈಗ ತಾನೇ ರಕ್ತ ಕೊಟ್ಟೆ. ನಾಡಿದ್ದು ಡಾಕ್ಟರು ಊರಲ್ಲಿರಲ್ಲ, ನಾಳೇನೇ ತೋರಿಸ್ಬೇಕು. ಆ ಹುಡುಗಿ ನಾಳೆ ಬನ್ನಿ ಅಂತಾಳೆ. ಬಂದ್ರೆ ರಿಪೋರ್ಟು ಖಂಡಿತ ಇರತ್ತೆ, ಅಲ್ವಾ?” ಹತ್ತಿಯ ಅಂಚಿನಲ್ಲಿ ಕೆಂಪು ಚುಕ್ಕೆ ನಿಧಾನವಾಗಿ ಅಗಲವಾಗುತ್ತಿತ್ತು. ಮುದುಕರು ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಅವನು ಅವರನ್ನು ಬಳಸಿಕೊಂಡು, ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿ ಬೀದಿಗಿಳಿದ.